ಇಬ್ಬರೂ ಅದೀವ್ರಿ

ಶ್ರೀಶೈಲಕ್ಕೆ ನಮ್ಮ ಕಡೆಯ ಹಳಬರು ಪರ್ವತ ಎಂದೇ ಅನ್ನುತ್ತಾರೆ. ಪರ್ವತಕ್ಕೆ ಹೋಗಿ ಬಂದರು, ಪರ್ವತದ ಮಲ್ಲಯ್ಯನಿಗೆ ಬೇಡಿಕೊಂಡರು ಎಂದು ಚಿಕ್ಕಂದಿನಿಂದ ಕೇಳಿದ್ದೆ. ಪರ್ವತ ಹೇಗಿರುತ್ತದೆ ಎಂದು ಮಾತ್ರ ಇಪ್ಪತ್ತು ದಾಟುವವರೆಗೂ ನೋಡಿರಲಿಲ್ಲ. ನಮ್ಮದು ಅಫಜಲಪುರ ತಾಲ್ಲೂಕಿನಲ್ಲಿ ಅತನೂರಿನ ಆಚೆಗಿನ ಹಳ್ಳಿ. ಕರಿ ನೆಲ, ತೊಗರಿ, ಜೋಳ. ಹೊಲದ ನಡುವೆ ನಿಂತರೆ ಕಣ್ಣಿಗೆ ಅಡ್ಡ ಬರುವುದು ಒಂದೊಂದು ಬೇವಿನ ಗಿಡ, ಅಷ್ಟೇ. ಪಕ್ಕದ ಊರಿನಿಂದ ಯಾರಾದರೂ ನಡೆದು ಬರುತ್ತಿದ್ದರೆ ಅವರು ಯಾರೆಂದು ಗುರುತು ಹಿಡಿದು, ಮನೆಯಲ್ಲಿ ಚಹಾಕ್ಕೆ ಇಡಲು ಹೇಳಿದರೆ, ಅವರು ಅಂಗಳಕ್ಕೆ ಬರುವ ಹೊತ್ತಿಗೆ ಚಹಾ ಕುದಿದಿರುತ್ತಿತ್ತು.

ಇಂಥ ಬಯಲಿನಲ್ಲಿ ನನ್ನ ತಮ್ಮನಿಗೆ ಕಿವಿ ಕೇಳದಿರುವುದು ದೊಡ್ಡ ತೊಂದರೆ ಆಗಿರಲಿಲ್ಲ. ಹುಟ್ಟಿನಿಂದ ಕೇಳುತ್ತಿರಲಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ಊರವರು ಮೂಗ ಅನ್ನುತ್ತಿದ್ದರು. ಎಷ್ಟು ದೂರದ ಹೊಲದಲ್ಲಿದ್ದರೂ ಟವೆಲ್ ಬೀಸಿದರೆ ಬಂದುಬಿಡುತ್ತಿದ್ದ. ನಾವಿಬ್ಬರೂ ಕೈಯಲ್ಲೇ ಮಾತಾಡುತ್ತಿದ್ದೆವು. ಆ ಕೈಮಾತು ಚಿಕ್ಕವರಿದ್ದಾಗ ದನ ಕಾಯುತ್ತ ನಾವೇ ಕಟ್ಟಿಕೊಂಡದ್ದು. ಅವ್ವನಿಗೆ ಊಟ, ನೀರು, ಎತ್ತು, ಜ್ವರ ಇಂಥವು ತಿಳಿಯುತ್ತಿದ್ದವು. ಉದ್ದನೆಯ ಮಾತು ಬಂದರೆ ಅವಳೂ ನನ್ನ ಮುಖ ನೋಡಿ, "ಏನಂತಾನೋ ಇಂವ?" ಎಂದು ಕೇಳುತ್ತಿದ್ದಳು. ನಾನು ಹೇಳಿದ್ದೇ ಅವನ ಮಾತು. ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು. ಅವನನ್ನು ಸಾಲೆಗೆ ಸೇರಿಸಲೇ ಇಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ, ಇಬ್ಬರೂ ಮಕ್ಕಳನ್ನು ನಡೆಸಿ ಕಳಿಸುತ್ತೇನೆ ಎಂದು ಮಲ್ಲಯ್ಯನಿಗೆ ಬೇಡಿಕೊಂಡಿದ್ದಳು. ಸೊನ್ನದಲ್ಲಿ ಭೀಮೆಗೆ ಬ್ಯಾರೇಜು ಕಟ್ಟುವುದಕ್ಕೆ ಬಹಳ ಮೊದಲಿನ ಮಾತು ಇದು. ಆ ಸಲ ಯುಗಾದಿಗೆ ಮುಂಚೆ ನಮ್ಮೂರಿನಿಂದ ತಂಡ ಹೊರಟಾಗ ತಮ್ಮನನ್ನು ಬಿಟ್ಟು ಹೋಗುವೆನೆಂದು ನಾನು ಗೊಣಗಿದೆ.

"ಒಬ್ಬನ್ನ ಕಳಿಸಿ ಒಬ್ಬನ್ನ ಇಟ್ಕೊಂಡ್ರ ಬೇಡಿಕೊಂಡಿದ್ದು ತೀರ್ತದೇನು?" ಅಂದಳು ಅವ್ವ. "ಅವನ ಕಣ್ಣಿಗಿ ಕಾಣಂಗ ಇರು. ಅಷ್ಟ ಮಾಡು ಸಾಕು."

ಜೇವರ್ಗಿ, ಶಹಾಪುರ, ರಾಯಚೂರು ದಾಟಿ ಕರ್ನೂಲು ಸೀಮೆಗೆ ಬರುವವರೆಗೂ ಅದನ್ನು ಮಾಡುವುದು ಕಷ್ಟವಾಗಲಿಲ್ಲ. ರಸ್ತೆ ನೆಟ್ಟಗಿತ್ತು. ತಂಡದ ಮುಂದೆ ಕಂಬಿ ಹೋಗುತ್ತಿತ್ತು. ಕಂಬಿ ಎಂದರೆ ಬಣ್ಣದ ಬಟ್ಟೆ, ಗೆಜ್ಜೆ, ನವಿಲುಗರಿ ಕಟ್ಟಿದ ಬಿದಿರಿನ ಅಡ್ಡೆ. ಅದನ್ನು ಹೆಗಲು ಬದಲಿಸುತ್ತ ಸರದಿಯಲ್ಲಿ ಹೊರುತ್ತಿದ್ದರು. ಕಂಬಿ ನೆಲ ಮುಟ್ಟಬಾರದು, ಹೊತ್ತವನು ತಿರುಗಿ ನೋಡಬಾರದು ಎಂಬುದು ನಮ್ಮ ತಂಡದ ನೇಮ. ಎಲ್ಲರನ್ನೂ ನಡೆಸುತ್ತಿದ್ದ ಹಿರಿಯನಿಗೆ ನಾವು ಕಂಬಿ ಮುತ್ಯಾ ಅನ್ನುತ್ತಿದ್ದೆವು.

ಆತ್ಮಕೂರು ದಾಟಿದ ಮೇಲೆ ನಲ್ಲಮಲದ ಗುಡ್ಡಗಳು ಎದುರಿಗೆ ನಿಂತವು. ನಾನು ಮೋಡ ಕವಿದಿದೆ ಅಂದುಕೊಂಡಿದ್ದೆ. ಹತ್ತಿರ ಹೋದಂತೆ ಆ ಮೋಡದಲ್ಲಿ ಗಿಡಗಳು ಕಂಡವು. ಭೂಮಿ ಹೀಗೆ ಎದ್ದು ನಿಲ್ಲುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ತಮ್ಮ ನನ್ನ ತೋಳು ಹಿಡಿದು, ಅದರ ಹಿಂದೆ ಏನಿದೆ ಎಂದು ಕೈಯಲ್ಲಿ ಕೇಳಿದ. ನನಗೂ ಗೊತ್ತಿಲ್ಲ ಎಂದೆ. ನಮ್ಮ ಜೊತೆಗಿದ್ದ ಅಗಸಿ ಮನೆಯ ವಯಸ್ಸಾದ ಕಾಕು ರಸ್ತೆಯ ಮೇಲೆಯೇ ಕೂತುಬಿಟ್ಟಳು.

"ಯವ್ವಾ, ಇದನ್ನ ಹತ್ತಬೇಕಾ? ಮಲ್ಲಯ್ಯಗ ನಮ್ಮ ಅಫಜಲಪುರದಾಗ ಜಾಗಾ ಸಿಗಲಿಲ್ಲೇನು?"

"ಸಿಕ್ಕಿದ್ರ ನೀ ಊರು ಬಿಟ್ಟು ಹೊರಗ ಬರ್ತಿದ್ದೇನಬೇ?" ಅಂದ ಮುತ್ಯಾ. "ಏಳು, ಹೊತ್ತು ಏರ್ತದ."

ಕಾಡು ಹೊಗುವ ಮೊದಲು ಮುತ್ಯಾ ಎಲ್ಲರನ್ನೂ ನಿಲ್ಲಿಸಿ ಒಂದು ಕಟ್ಟಳೆ ಹೇಳಿದ. "ಇಲ್ಲಿಂದ ಮುಂದ ನಾ ಮನಿ ಮನಿ ಕೂಗ್ತೇನಿ. ಆ ಮನಿಯವರು ಓ ಅನ್ನಬೇಕು. ಓ ಅನ್ನದಿದ್ರ ಎಲ್ಲರೂ ನಿಲ್ಲಬೇಕು." ಅದರಂತೆ ಅವನು ಆಗಾಗ ನಿಂತು, ಅಗಸಿ ಮನಿ, ತಳಗಿನ ಮನಿ, ಬಾವಿ ಮನಿ ಎಂದು ಕೂಗುತ್ತಿದ್ದ. ನಮ್ಮದು ಬಾವಿ ಮನೆ. "ಇಬ್ಬರೂ ಅದೀವ್ರಿ!" ಎಂದು ನಾನು ಕೂಗುತ್ತಿದ್ದೆ. ತಮ್ಮನ ಪರವಾಗಿ ಓ ಅನ್ನುವುದು ನನಗೆ ರೂಢಿಯೇ ಆಗಿತ್ತು. ಹಾಗಾಗಿ ಈ ಕಟ್ಟಳೆಯಲ್ಲಿ ಅವನನ್ನು ಕಾಯುವಂಥದ್ದು ಏನೂ ಇಲ್ಲವೆಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮೊದಲ ದಿನ ನಾಗಲೂಟಿ ದಾಟಿ ಕಾಡಿನ ನಡುವಿನ ಒಂದು ದೊಡ್ಡ ಕೆರೆಯ ದಂಡೆಗೆ ಬಂದು ಇಳಿದೆವು. ಬಯಲಲ್ಲೇ ಮೂರು ಕಲ್ಲು ಇಟ್ಟು ಒಲೆ ಹೂಡಿ ಸಾರು ಕಾಯಿಸಿದೆವು. ಊರಿನಿಂದ ತಂದ ಒಣ ಕಟಿ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಇದ್ದವು. ಸುತ್ತ ಬೆಂಕಿ ಹಾಕಿ, ಹೆಂಗಸರನ್ನು ನಡುವೆ ಮಲಗಿಸಿ, ಗಂಡಸರು ಹೊರಗಿನ ಸುತ್ತಿನಲ್ಲಿ ಕೌದಿ ಹಾಸಿಕೊಂಡರು. ನನ್ನ ಮುಂಗೈಗೂ ತಮ್ಮನ ಮುಂಗೈಗೂ ಒಂದೇ ಟವೆಲ್ ಕಟ್ಟಿಕೊಂಡು ಮಲಗಿದೆವು. ಏನೋ ಒಂದು ಪ್ರಾಣಿ ಕೆರೆಯ ಆಚೆ ಕೆಮ್ಮಿದಂತೆ ಕೂಗಿದಾಗ ಎಲ್ಲರೂ ಎದ್ದು ಕುಳಿತರು. ತಮ್ಮ ನಮ್ಮ ಮುಖಗಳನ್ನು ನೋಡಿ ತಾನೂ ಎದ್ದು ಕುಳಿತ.

ಮರುದಿನ ದಾರಿ ಭೀಮನಕೊಳ್ಳದ ಕಡೆಗೆ. ಅದು ಆಳವಾದ ಕಮರಿ. ಒಂದು ದಡದಿಂದ ಕಲ್ಲಿನ ಮೆಟ್ಟಿಲಿಳಿದು ತಳದ ಹೊಂಡ ದಾಟಿ ಇನ್ನೊಂದು ದಡ ಹತ್ತಬೇಕು. ಕೊಳ್ಳ ಇಳಿಸುವಾಗ ಕಂಬಿ ಹೊರುವುದೆಂದರೆ ಊರಿಗೆ ಮರಳಿದ ಮೇಲೂ ಹೇಳಿಕೊಳ್ಳುವ ಹೆಚ್ಚುಗಾರಿಕೆ. ಆ ಸರದಿ ನನ್ನದೆಂದು ಮುತ್ಯಾ ಬೆಳಿಗ್ಗೆಯೇ ಹೇಳಿದ್ದ. ತಳಗಿನ ಮನೆಯ ನನ್ನ ಗೆಳೆಯನಿಗೆ ಹೊಟ್ಟೆಕಿಚ್ಚು.

"ಲೇ, ನೀ ಕಂಬಿ ಹೊತ್ರ ನಿನ್ನ ಬಾಲ ಯಾರು ಹಿಡೀಬೇಕಲೇ?" ಎಂದು ತಮ್ಮನ ಕಡೆ ತೋರಿಸಿ ನಕ್ಕ. ಉಳಿದವರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಉರಿಯಿತು. ಎಲ್ಲ ಕಡೆಯೂ ಅವನನ್ನು ಕಟ್ಟಿಕೊಂಡೇ ತಿರುಗಬೇಕಲ್ಲ ಎನ್ನಿಸಿತು.

ಕೆರೆ ಬಿಟ್ಟು ಸ್ವಲ್ಪ ದೂರ ಬಂದಿದ್ದೆವು. ತಮ್ಮನ ಅಂಗಾಲಿನ ಬೊಕ್ಕೆ ಒಡೆದಿತ್ತು. ಅವನು ಒಂದು ಗಿಡದ ಬುಡಕ್ಕೆ ಕುಳಿತು, ಬಟ್ಟೆ ಸುತ್ತಿಕೊಳ್ಳುತ್ತೇನೆ, ನಿಲ್ಲು ಎಂದು ಕೈ ಮಾಡಿದ. ಮುಂದೆ ಗೆಜ್ಜೆಯ ಸದ್ದು ದೂರವಾಗುತ್ತಿತ್ತು. ನಾನು ನಿಲ್ಲಲಿಲ್ಲ. ನೀನು ಬಾ ಎಂದು ಕೈ ಮಾಡಿ ಮುಂದೆ ನಡೆದೆ. ನೀರಿನ ಕ್ಯಾನು ನನ್ನ ಹೆಗಲಲ್ಲಿತ್ತು. ದಾರಿ ಒಂದು ಬಂಡೆಯನ್ನು ಸುತ್ತಿ ಬಿದಿರಿನ ಮೆಳೆಯೊಳಗೆ ಹೋಗುತ್ತಿತ್ತು. ತಿರುಗಿ ನೋಡಿದಾಗ ಗಿಡಗಳೇ ಕಂಡವು. ನಮ್ಮ ಹೊಲದಲ್ಲಾದರೆ ಅಷ್ಟು ದೂರದಿಂದ ಅವನ ಮೀಸೆಯೂ ಕಾಣುತ್ತಿತ್ತು. ಬರುತ್ತಾನೆ ಎಂದುಕೊಂಡೆ.

ಮುತ್ಯಾ ಕೂಗಿದ, "ಬಾವಿ ಮನಿ?"

"ಇಬ್ಬರೂ ಅದೀವ್ರಿ!"

ಬಾಯಿ ತಾನಾಗಿ ಹೇಳಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಒಬ್ಬನೇ ಇದ್ದೇನೆ ಅಂದಿದ್ದರೆ ಎಲ್ಲರೂ ನಿಲ್ಲಬೇಕಾಗುತ್ತಿತ್ತು, ನನ್ನನ್ನು ಹಿಂದಕ್ಕೆ ಕಳಿಸಿ ಕಂಬಿಯನ್ನು ಗೆಳೆಯನಿಗೆ ಕೊಡುತ್ತಿದ್ದರು. ಇದು ಗೊತ್ತಿದ್ದೇ ಹೇಳಿದೆ. ಕೊಳ್ಳದ ಮೇಲಿನ ದಡಕ್ಕೆ ಬಂದು ಕಂಬಿಗೆ ಹೆಗಲು ಕೊಡುವಾಗ ಮುತ್ಯಾ ಮತ್ತೆ ಕೂಗಿದ. ನಾನು ಮತ್ತೆ ಅದನ್ನೇ ಹೇಳಿದೆ. ಆಮೇಲೆ ತಿರುಗಿ ನೋಡುವಂತಿರಲಿಲ್ಲ.

ಕೊಳ್ಳದ ತಳದಲ್ಲಿ ಕಂಬಿಯನ್ನು ಕವೆಗೋಲಿನ ಮೇಲೆ ನಿಲ್ಲಿಸಿ, ಬೆವರು ಒರೆಸಿಕೊಂಡು ಮೇಲೆ ನೋಡಿದೆ. ಮೆಟ್ಟಿಲ ಮೇಲೆ ಕಾಕು ಬಯ್ಯುತ್ತ ಇಳಿಯುತ್ತಿದ್ದಳು. ಅವಳೇ ಕೊನೆಯವಳು. ಅವಳ ಹಿಂದೆ ಯಾರೂ ಇರಲಿಲ್ಲ.

"ಎಲ್ಲದಾನಲೇ ನಿನ್ನ ತಮ್ಮ?" ಮುತ್ಯಾ ಕೇಳಿದ. "ಇಬ್ಬರೂ ಅದೀವಿ ಅಂದೆಲ್ಲ?"

ಆಗಲಾದರೂ ಕೆರೆಯ ಹತ್ತಿರ ಬಿಟ್ಟು ಬಂದೆ ಅನ್ನಬೇಕಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಈಗ ದಡದ ಮ್ಯಾಲ ನನ್ನ ಹಿಂದ ಇದ್ದನ್ರಿ," ಅಂದೆ. "ಕಂಬಿ ಹೊತ್ತಿದ್ದಕ್ಕ ತಿರುಗಿ ನೋಡಲಿಲ್ರಿ."

ಆ ಒಂದು ಮಾತಿನಿಂದ ಅಷ್ಟೂ ಜನ ದಡದ ಮೇಲೆ ಹತ್ತಿ ಹೋದರು. ಕಮರಿಯ ಅಂಚಿನಲ್ಲಿ ಬಗ್ಗಿ ಬಗ್ಗಿ ನೋಡಿದರು. ಬಿದ್ದಿರಬಹುದು ಎಂದು ಕೆಲವರು ಬಂಡೆಗಳ ಸಂದಿಗೆ ಇಳಿದರು. ಎಲ್ಲರೂ ಅವನ ಹೆಸರು ಹಿಡಿದು ಕೂಗುತ್ತಿದ್ದರು. ಕೂಗು ಎದುರಿನ ಗುಡ್ಡಕ್ಕೆ ತಾಗಿ ಮರಳಿ ಬರುತ್ತಿತ್ತು. ಹುಟ್ಟಿದಾಗಿನಿಂದ ಒಂದು ಸಲವೂ ಅವನು ಕೇಳಿರದ ಹೆಸರು ಅದು. ಕೂಗಿ ಉಪಯೋಗವಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಕೂಗಿದರು, ಬೇರೆ ಏನು ಮಾಡಬೇಕು ಎಂದು ಯಾರಿಗೂ ತಿಳಿಯಲಿಲ್ಲ. ನಾನೂ ಕೂಗಿದೆ. ಅವರೆಲ್ಲ ಹುಡುಕುತ್ತಿರುವ ಜಾಗದಲ್ಲಿ ಅವನಿಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ. ಕಾಲು ನೋಯಿಸಿಕೊಂಡು ಕಾಕು ಕೂಡ ಮತ್ತೆ ಆ ಮೆಟ್ಟಿಲು ಹತ್ತಿದ್ದಳು. "ಅಳಬ್ಯಾಡಪಾ, ಸಿಗ್ತಾನ," ಎಂದು ನನ್ನ ಬೆನ್ನು ಸವರಿದಳು.

ಹೊತ್ತು ಇಳಿಯಿತು. ಕರಡಿ ತಿರುಗುವ ಜಾಗ, ಕತ್ತಲಲ್ಲಿ ಯಾರೂ ಹೋಗಬಾರದು ಎಂದು ಮುತ್ಯಾ ಎಲ್ಲರನ್ನೂ ಕೊಳ್ಳದ ತಳಕ್ಕೆ ಕರೆದ. ಆ ದಿನ ಯಾರೂ ಒಲೆ ಹಚ್ಚಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ನಾನು ಮುತ್ಯಾನ ಹತ್ತಿರ ಹೋಗಿ, "ಕಾಲಿಗಿ ಸುತ್ತಿಕೊಂಡ ಬಟ್ಟಿ ಎಲ್ಲ್ಯಾರ ಬಿದ್ದು, ಹುಡುಕ್ಕೊಂತ ಹಿಂದಕ್ಕ ಹೋಗ್ಯಾನೇನೋರಿ. ಕೆರಿ ಕಡಿ ನೋಡ್ತೇನಿ," ಎಂದೆ. ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಇಟ್ಟೇ ನಿಜದ ಜಾಗಕ್ಕೆ ಹೋಗಬೇಕಾಯಿತು. ಮುತ್ಯಾ ಮತ್ತು ಗೆಳೆಯ ಜೊತೆಗೆ ಬಂದರು. ಬಿದಿರಿನ ಮೆಳೆ ದಾಟಿ ಬಂಡೆ ಸುತ್ತುವಾಗ ನಾನು ಮುಂದೆ ಓಡಿದೆ.

ಅವನು ಅಲ್ಲೇ ಇದ್ದ. ಅದೇ ಗಿಡ, ಅದೇ ಬುಡ. ಕಾಣೆಯಾದರೆ ಇದ್ದಲ್ಲೇ ಕೂಡು, ನಾವೇ ಬರುತ್ತೇವೆ ಎಂದು ಚಿಕ್ಕಂದಿನಲ್ಲಿ ಅವ್ವ ಅವನಿಗೆ ಕಲಿಸಿದ್ದಳು. ಬೆನ್ನು ಗಿಡಕ್ಕೆ ಒತ್ತಿ ಕುಳಿತಿದ್ದ. ಕಣ್ಣು ಕೆಂಡದ ಹಾಗೆ ಆಗಿದ್ದವು, ತುಟಿ ಒಡೆದಿತ್ತು, ಕಾಲು ಬಾತಿತ್ತು. ಸುತ್ತಲೂ ಅಂಗಳದಷ್ಟು ಜಾಗದಲ್ಲಿ ಒಂದು ಒಣ ಎಲೆಯೂ ಇರಲಿಲ್ಲ. ಎಲ್ಲವನ್ನೂ ಕೈಯಿಂದ ಬಳಿದು ದೂರ ಹಾಕಿ, ಹುಲ್ಲು ಕಿತ್ತು, ಬರೀ ಮಣ್ಣು ಮಾಡಿದ್ದ. ಕೈಗೆ ಸಿಗುವಂತೆ ಕಲ್ಲುಗಳ ಗುಂಪೆ ಇತ್ತು. ಏನಾದರೂ ಬಂದರೆ ಎಲೆಯ ಸದ್ದು ಅವನಿಗೆ ಕೇಳುವುದಿಲ್ಲ. ಕಣ್ಣಿಗಾದರೂ ಕಾಣಲಿ ಎಂದು ಬಯಲು ಮಾಡಿಕೊಂಡಿದ್ದ. ಉಗುರುಗಳಲ್ಲಿ ರಕ್ತ ಒಣಗಿತ್ತು.

ಗೆಳೆಯ ಅದನ್ನು ನೋಡಿ ಅಳತೊಡಗಿದ. ಮುತ್ಯಾ ತಮ್ಮನ ಬಾಯಿಗೆ ನೀರು ಬಿಟ್ಟ. ಕುಡಿದ ಕೂಡಲೇ ತಮ್ಮ ಕೈ ಎತ್ತಿ ಮುತ್ಯಾನಿಗೆ ಹೇಳತೊಡಗಿದ. ನನ್ನ ಕಡೆ ಬೆರಳು ಮಾಡಿದ. ನಿಲ್ಲು ಎಂದು ತಾನು ಕೈ ಮಾಡಿದ್ದನ್ನು ತೋರಿಸಿದ. ನಾನು ನೋಡಿಯೂ ನಡೆದುಹೋದದ್ದನ್ನು ತೋರಿಸಿದ. ನೀರಿನ ಕ್ಯಾನು ತೋರಿಸಿದ. ಇಷ್ಟು ಸ್ಪಷ್ಟವಾಗಿ ಅವನು ಎಂದೂ ಮಾತಾಡಿರಲಿಲ್ಲ. ಮುತ್ಯಾನಿಗೆ ಆ ಬೆರಳುಗಳು ಅಲುಗಾಡುವುದಷ್ಟೇ ಕಂಡಿತು.

"ಏನಂತಾನಲೇ?" ಎಂದು ನನ್ನನ್ನು ಕೇಳಿದ.

"ಕೊಳ್ಳದ ಹತ್ರ ದಾರಿ ತಪ್ಪಿ ಇಲ್ಲಿಗಿ ಬಂದೆ ಅಂತಾನ್ರಿ," ಅಂದೆ. "ಅಣ್ಣ ಬರ್ತಾನಂತ ಗೊತ್ತಿತ್ತು ಅಂತಾನ್ರಿ."

ಎರಡನೆಯ ಮಾತನ್ನು ಯಾಕೆ ಸೇರಿಸಿದೆ? ಇವತ್ತಿಗೂ ಆ ನಾಲಿಗೆ ನನ್ನದೇ ಎಂದು ನಂಬಲು ಆಗುವುದಿಲ್ಲ. ಮುತ್ಯಾ ನನ್ನ ತಲೆಯ ಮೇಲೆ ಕೈ ಇಟ್ಟು, "ಅಣ್ಣ ಅಂದ್ರ ಹಿಂಗಿರಬೇಕು," ಎಂದ. ತಮ್ಮ ಅದನ್ನು ನೋಡಿದ. ತಾನು ಎಲ್ಲವನ್ನೂ ಹೇಳಿದ ಮೇಲೆ ಮುತ್ಯಾ ನನ್ನ ತಲೆ ಸವರಿದ್ದನ್ನು ನೋಡಿದ. ಅವನ ಕೈಗಳು ಮೆಲ್ಲಗೆ ತೊಡೆಯ ಮೇಲೆ ಇಳಿದವು.

ನಾನೂ ಗೆಳೆಯನೂ ಅವನನ್ನು ಬೆನ್ನ ಮೇಲೆ ಹೊತ್ತು ಕೊಳ್ಳ ದಾಟಿಸಿ ಶ್ರೀಶೈಲ ಮುಟ್ಟಿಸಿದೆವು. ಮಲ್ಲಯ್ಯನ ದರ್ಶನವಾಯಿತು. ನನಗೆ ಅದರ ನೆನಪೇ ಇಲ್ಲ.

ಊರಿಗೆ ಬಂದ ಮೇಲೆ ಒಂದು ದಿನ ಅವನು ಅವ್ವನನ್ನು ಕೈ ಹಿಡಿದು ಅಂಗಳಕ್ಕೆ ಎಳೆದುತಂದ. ನೆಲದ ಮೇಲೆ ಹರಳುಗಳನ್ನು ಸಾಲಾಗಿ ಇಟ್ಟ. ಅದು ತಂಡ. ಒಂದು ಹರಳನ್ನು ಸಾಲಿನಿಂದ ಬೇರೆ ಮಾಡಿ ಹಿಂದೆ ಬಿಟ್ಟು, ತನ್ನ ಎದೆ ಮುಟ್ಟಿಕೊಂಡ. ಇನ್ನೊಂದು ಹರಳು ಅದರ ಹತ್ತಿರ ನಿಂತಿತ್ತು. ಅದನ್ನು ಮುಂದೆ ಸರಿಸಿ ಸರಿಸಿ ಸಾಲಿಗೆ ಸೇರಿಸಿ, ನನ್ನನ್ನು ತೋರಿಸಿದ. ನಾನು ಕಟ್ಟೆಯ ಮೇಲೆ ಕುಳಿತಿದ್ದೆ.

"ಏನಂತಾನೋ ಇಂವ?" ಎಂದಳು ಅವ್ವ.

"ಕಾಡಿನ್ಯಾಗ ಕಲ್ಲು ಭಾಳ ಇದ್ದವು ಅಂತಾನ."

"ಅಯ್ಯ, ಕಾಡಿನ್ಯಾಗ ಕಲ್ಲು ಇರಲಾರ್ದ ಹೋಳಗಿ ಇರ್ತಾವೇನೋ ಖೋಡಿ!" ಎಂದು ಅವ್ವ ಬಾಯಿತುಂಬ ನಕ್ಕಳು. ಮಗ ಜೀವಂತ ಮನೆಗೆ ಬಂದ ಸಂತೋಷದಲ್ಲಿ ಅವಳು ಆ ದಿನಗಳಲ್ಲಿ ಎಲ್ಲದಕ್ಕೂ ನಗುತ್ತಿದ್ದಳು. ತಮ್ಮ ಅವಳ ಮುಖವನ್ನೇ ನೋಡುತ್ತ ಕುಳಿತ. ಆಮೇಲೆ ಹರಳುಗಳನ್ನು ಒಂದೇ ಕೈಯಿಂದ ಬಳಿದು ಎದ್ದುಹೋದ.

ಅಲ್ಲಿಂದ ಮುಂದೆ ಅವನು ನನ್ನ ಜೊತೆ ಕೈಮಾತು ಬಿಟ್ಟ. ನನಗೆ ತಕ್ಕದ್ದೇ ಎಂದುಕೊಂಡೆ. ಆದರೆ ಅವ್ವನ ಹತ್ತಿರವೂ ಹೋಗುತ್ತಿರಲಿಲ್ಲ. ಅವಳು ಕೊಟ್ಟಿದ್ದನ್ನು ಉಂಡು ಕೊಟ್ಟಿಗೆಗೆ ಹೋಗುತ್ತಿದ್ದ. ಮುಂದೆ ಆಳಂದ ತಾಲ್ಲೂಕಿನ ನರೋಣಾ ಕಡೆಯಿಂದ ಹೆಣ್ಣು ತಂದು ಅವನ ಮದುವೆ ಮಾಡಿದೆವು. ಅವ್ವ ಹಾಸಿಗೆ ಹಿಡಿದಾಗ ಒಂದು ದಿನವೂ ಅವನು ಅವಳ ಕಾಲು ಒತ್ತಲಿಲ್ಲ. ಹೊಲದಲ್ಲಿ ಅವಳನ್ನು ಮಣ್ಣು ಮಾಡುವಾಗ ಎಲ್ಲರೂ ವಿಭೂತಿ, ಬಿಲ್ವಪತ್ರೆ ಹಾಕಿದರು. ಅವನು ಬದುವಿನ ಆಚೆ ನಿಂತಿದ್ದ. "ಮೂಗಗ ಏನು ತಿಳೀತದ ಬಿಡ್ರಿ," ಅಂದರು ಜನ. ನಾನು ಸುಮ್ಮನೆ ಕೇಳಿಸಿಕೊಂಡೆ.

ಅವನ ಹೆಂಡತಿ ನನ್ನ ಮುಂದೆ ಬಂದು ನಿಂತು ಮಾತಾಡಿದವಳಲ್ಲ. ಏನಿದ್ದರೂ ಬಾಗಿಲ ಮರೆಯಿಂದಲೇ. ಆದರೆ ಗಂಡನ ಕೈಮಾತನ್ನು ಅವಳು ಹೊಸದಾಗಿ ಕಲಿತಿದ್ದಳು, ನನಗಿಂತ ಚೆನ್ನಾಗಿ. ಅವ್ವ ತೀರಿಕೊಂಡ ವರ್ಷ ಒಂದು ಮಧ್ಯಾಹ್ನ ನಾನು ಉಣ್ಣುತ್ತಿದ್ದಾಗ ಬಾಗಿಲ ಮರೆಯಿಂದ ಅವಳ ಧ್ವನಿ ಬಂತು.

"ಭಾವಾರ, ಒಂದು ಕೇಳ್ಲಾಕ ಹೇಳ್ಯಾರ ಇವ್ರು. ಸಿಟ್ಟು ಆಗಬ್ಯಾಡ್ರಿ."

"ಕೇಳವ್ವ."

"ಪರ್ವತಕ್ಕ ಹೋದಾಗ ನೀವು ಇವ್ರನ್ನ ನೋಡಿನೂ ಬಿಟ್ಟು ಹೋದ್ರಂತ. ಖರೇ ಏನ್ರಿ?"

ಇಷ್ಟು ವರ್ಷದಲ್ಲಿ ಅವನ ಮಾತನ್ನು ಅವನು ಹೇಳಿದ ಹಾಗೆಯೇ ಇನ್ನೊಬ್ಬರ ಬಾಯಿಂದ ಕೇಳಿದ್ದು ಅದೇ ಮೊದಲು. "ಹೌದವ್ವ, ಖರೇ," ಅಂದೆ.

ಅವಳು ಒಳಗೆ ಹೋದಳು. ಬಳೆಗಳ ಸದ್ದಿನಿಂದ ಅವಳು ಕೈಯಲ್ಲಿ ಹೇಳುತ್ತಿದ್ದಾಳೆ ಎಂದು ತಿಳಿಯಿತು. ಮತ್ತೆ ಬಂದಳು.

"ಅದು ತನಗ ಗೊತ್ತೇ ಅದ ಅಂತಾರ್ರಿ. ಅವರು ಕೇಳ್ಲಾಕತ್ತಿದ್ದು ಬ್ಯಾರೇ. ಅಂಗಳದಾಗ ಹಳ್ಳು ಇಟ್ಟು ಹೇಳಿದಾಗ ಅತ್ತಿ ಯಾಕ ನಕ್ಕರು ಅಂತ ಕೇಳ್ಯಾರ."

ನಾನು ತಾಟನ್ನು ದೂರ ಸರಿಸಿದೆ. ಅಷ್ಟು ವರ್ಷ ಅವನು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ. ನಿನ್ನ ಮಗನನ್ನು ಕಾಡಿನಲ್ಲಿ ಬಿಟ್ಟು ಬಂದರು ಎಂದು ಹೇಳಿದ್ದಕ್ಕೆ ತನ್ನ ತಾಯಿ ಬಾಯಿತುಂಬ ನಕ್ಕಳು ಎಂದುಕೊಂಡು ಅವಳ ಕೈಯ ರೊಟ್ಟಿ ತಿಂದಿದ್ದ. ಹಾಗೆಂದುಕೊಂಡೇ ಬದುವಿನ ಆಚೆ ನಿಂತಿದ್ದ. ಅವನು ಮುನಿಸಿಕೊಂಡಿರುವುದು ನನ್ನ ಮೇಲೆ, ಅವ್ವನ ಮೇಲಿನದು ಮೂಗನ ಮೊಂಡುತನ ಎಂದು ತಿಳಿದು ನಾನು ಅದೇ ಮನೆಯಲ್ಲಿ ಉಂಡು ಮಲಗಿದ್ದೆ. ಅವ್ವ ಸಾಯುವ ಮುಂಚೆ ಎಷ್ಟು ಸಲ, "ಅವನ್ನ ಕರಿಯೋ, ನನ್ನ ಹತ್ರ ಯಾಕ ಬರೋದಿಲ್ಲ ಕೇಳು," ಅಂದಿದ್ದಳು.

"ಅವ್ವಗ ಗೊತ್ತೇ ಇದ್ದಿಲ್ಲ ತಂಗಿ," ಅಂದೆ. "ಕಾಡಿನ್ಯಾಗ ಕಲ್ಲು ಭಾಳ ಇದ್ದವು ಅಂತ ಹೇಳಾಕತ್ತಾನ ಅಂತ ನಾ ಸುಳ್ಳು ಹೇಳಿದ್ದೆ. ಅದಕ್ಕ ನಕ್ಕಳು. ಅಷ್ಟ."

ಅವಳು ಮೊದಲ ಸಲ ಬಾಗಿಲ ಮರೆಯಿಂದ ಹೊರಗೆ ಬಂದು ನನ್ನ ಮುಖ ನೋಡಿದಳು. "ಹೆಂಗ ಹೇಳ್ಲಿ ಭಾವಾರ ಇದನ್ನ ಅವರಿಗಿ?" ಅಂದಳು.

"ನಾ ಹೇಳ್ತೇನಿ," ಎಂದು ಎದ್ದೆ.

"ಬ್ಯಾಡ್ರಿ. ನೀವು ಹೇಳಿದ್ದು ಅವರು ನಂಬೂದಿಲ್ರಿ." ಮತ್ತೆ ಒಳಗೆ ಹೋದಳು.

ನಾನು ಅಲ್ಲೇ ನಿಂತಿದ್ದೆ. ಬಳೆಯ ಸದ್ದು ಬಂತು, ನಿಂತಿತು, ಮತ್ತೆ ಬಂತು. ಕಲ್ಲು, ಸುಳ್ಳು, ನಗು. ಇವನ್ನು ಅವಳು ಹೇಗೆ ಹೇಳಿದಳೋ ನಾನು ನೋಡಲಿಲ್ಲ. ಸದ್ದು ಪೂರ್ತಿ ನಿಂತ ಮೇಲೆ ಒಳಗಿನಿಂದ ಒಂದು ಕೂಗು ಬಂತು. ಅವನ ಗಂಟಲಿನಿಂದ ಅಂಥ ಧ್ವನಿ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕಾಡಿನಲ್ಲಿ ಅವನು ಹಾಗೆ ಕೂಗಿದ್ದನೋ ಏನೋ, ಕೂಗಿದ್ದರೂ ಕೇಳಲು ಅಲ್ಲಿ ಯಾರಿದ್ದರು?

ಅವನು ಹೊರಗೆ ಬಂದ. ನನ್ನ ಕಡೆ ನೋಡಲಿಲ್ಲ. ಚಪ್ಪಲಿ ಮೆಟ್ಟದೆ, ಪರ್ವತದಿಂದ ಬಂದಾಗಿನಿಂದ ಕುಂಟುವ ಕಾಲಲ್ಲೇ, ಅವ್ವನ ಸಮಾಧಿ ಇರುವ ಹೊಲದ ದಾರಿ ಹಿಡಿದ. ನಾನು ಟವೆಲ್ ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟುವುದರಲ್ಲಿದ್ದೆ.

"ಕೂಡ್ರಿ ಭಾವಾರ," ಅಂದಳು ಅವನ ಹೆಂಡತಿ. "ತಾಯಿ ಹತ್ರ ಅವರೊಬ್ಬರೇ ಹೋಗ್ಲಿ."

ನಾನು ಕುಳಿತೆ.